ಮೊದಲು ಫೋಟೊ, ಆಮೇಲೆ ಸಲಿಕೆ: ಹೆಲೀನ್ ಚಂಡಮಾರುತದ ನಂತರ ಊರ ಸಂಘಗಳು ಕೆಲಸ ಮಾಡಿದ ಬಗೆ

ನಾರ್ತ್ ಕೆರೊಲೈನಾದ ಬಂಕಮ್ ಕೌಂಟಿಯಲ್ಲಿ, ಸ್ವಾನನೋವಾ ನದಿಯ ಬದಿಯ ಮನೆಗಳಿಗೆ ನೆರವಾಗಲು ಕೂಡಿಕೊಂಡ ಒಂದು ಸಣ್ಣ ಸಂಘದವರು ನಾವು. ನಮ್ಮ ಪಟ್ಟಿಯಲ್ಲಿದ್ದ ಕೊನೆಯ ಮನೆಯ ಫೈಲು ಮೊನ್ನೆ ಮುಚ್ಚಿತು. ಶಾರ್ಲಟ್, ಅಟ್ಲಾಂಟಾ, ಟ್ಯಾಂಪಾ, ಹ್ಯೂಸ್ಟನ್ ಕಡೆಯಿರುವ ಕನ್ನಡಿಗರಿಗೆ ಇಂಥದ್ದೇ ಕೆಲಸ ಯಾವ ವರ್ಷ ಬೇಕಾದರೂ ಬಂದೀತು, ಅದಕ್ಕೆಂದು ಈ ಬರಹ. ನೆರವು ಬೇಗ ಬಂತು, ಧಾರಾಳವಾಗಿಯೇ ಬಂತು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿ ತಪ್ಪಿದ ಮನೆಗಳು ತಿಂಗಳುಗಟ್ಟಲೆ ಹಿಂದೆ ಬಿದ್ದವು. ಹಣ ಕಡಿಮೆಯಾದದ್ದಕ್ಕಿಂತ ಸರದಿ ತಪ್ಪಿದ್ದರಿಂದಲೇ ಹೆಚ್ಚು ಮನೆಗಳು ನಿಂತುಹೋದದ್ದನ್ನು ಕಣ್ಣಾರೆ ಕಂಡೆವು.

ಹೆಲೀನ್ 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾದ ಪೆರ್ರಿ ಎಂಬಲ್ಲಿಗೆ ಹತ್ತಿರ, ನಾಲ್ಕನೇ ದರ್ಜೆಯ ಚಂಡಮಾರುತವಾಗಿ ದಡ ಹತ್ತಿತು. ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ, ಎರಡು ಸಾವಿರ ಅಡಿಗೂ ಎತ್ತರದಲ್ಲಿರುವ ನಮ್ಮ ಕೌಂಟಿಯ ನಗರ ಆಶ್‌ವಿಲ್‌ಗೆ ಅದರಿಂದ ಏನಾದೀತು ಎಂದು ಬಹಳ ಜನ ಅಂದುಕೊಂಡಿದ್ದರು. ಆದರೆ ಚಂಡಮಾರುತ ಬರುವುದಕ್ಕೆ ಮುಂಚಿನ ಎರಡು ದಿನ ಬೇರೆ ಮಳೆ ಹೊಡೆದು ಗುಡ್ಡಗಳ ಮಣ್ಣು ಆಗಲೇ ನೀರು ಕುಡಿದು ನಿಂತಿತ್ತು. ಹೆಲೀನ್‌ನ ಮಳೆ ಬಿದ್ದಾಗ ಅದನ್ನು ಹೀರಲು ನೆಲದಲ್ಲಿ ಜಾಗವಿರಲಿಲ್ಲ. 27ರಂದು ಫ್ರೆಂಚ್ ಬ್ರಾಡ್ ನದಿ ಆಶ್‌ವಿಲ್‌ನಲ್ಲಿ 24.67 ಅಡಿಗೆ ಏರಿ, 1916ರ ನೆರೆಯ 23.1 ಅಡಿಯ ದಾಖಲೆಯನ್ನು ಮುರಿಯಿತು. ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಪಿಜನ್ ನದಿಯ ಕಣಿವೆಯಲ್ಲಿ ಹೆದ್ದಾರಿ ಇಂಟರ್‌ಸ್ಟೇಟ್ 40 ಕುಸಿದು ಬಿತ್ತು. ಆ ದಾರಿ ಎರಡೂ ದಿಕ್ಕಿಗೆ ಒಂದೊಂದೇ ಲೇನ್‌ನಲ್ಲಿ ಮತ್ತೆ ತೆರೆದದ್ದು 2025ರ ಮಾರ್ಚ್ 1ಕ್ಕೆ.

ಮೊದಲ ಮೂರು ದಿನ ಫೋನಿಲ್ಲ, ಇಂಟರ್ನೆಟ್ ಇಲ್ಲ, ಕರೆಂಟಿಲ್ಲ. ಕೌಂಟಿಯ ಪ್ರಕಟಣೆಗಳನ್ನು ಜನ ಕೇಳಿದ್ದು ಬ್ಲೂ ರಿಜ್ ಪಬ್ಲಿಕ್ ರೇಡಿಯೊದಲ್ಲಿ, ಕಾರಿನಲ್ಲಿ ಕೂತು. ಎಲ್ಲೋ ಒಂದು ಗ್ರಂಥಾಲಯದ ಹೊರಗೆ ವೈಫೈ ಸಿಕ್ಕಿದರೆ ಅಲ್ಲಿ ಜಾತ್ರೆಯಷ್ಟು ಜನ. ಈ ಹೊತ್ತಿನಲ್ಲಿ ಊರ ಸಂಘ ಮಾಡಬಹುದಾದ ಅತಿ ದೊಡ್ಡ ಕೆಲಸವೆಂದರೆ ಕಾಗದ, ಪೆನ್ನು ಹಿಡಿದು ರಸ್ತೆ ರಸ್ತೆ ನಡೆಯುವುದು. ಒಂದು ರಸ್ತೆಗೆ ಒಂದು ಹಾಳೆ. ಮನೆ ನಂಬರು, ಎಷ್ಟು ಜನ, ಇನ್ಸುಲಿನ್‌ನಂತೆ ತಂಪಿನಲ್ಲಿಡಬೇಕಾದ ಔಷಧಿ ಇದೆಯೇ, ಆಕ್ಸಿಜನ್ ಯಂತ್ರ ಇದೆಯೇ, ನೀರು ನಗರದ್ದೋ ಸ್ವಂತ ಬೋರ್‌ವೆಲ್ಲೋ, ಒಲೆ ಯಾವುದರದ್ದು, ಹೊರಗೆ ಹೋಗಲು ದಾರಿ ಉಳಿದಿದೆಯೇ. ಕೊನೆಯಲ್ಲಿ, ನೋಡಿ ಬಂದವರ ಹೆಸರು ಮತ್ತು ಗಂಟೆ. ಇದಿಲ್ಲದಿದ್ದರೆ ಒಂದೇ ಮನೆಗೆ ನಾಲ್ಕು ತಂಡ ಹೋಗುತ್ತವೆ, ತಿರುವಿನಾಚೆಯ ಮನೆಗೆ ಯಾರೂ ಹೋಗಿರುವುದಿಲ್ಲ. ಬೋರ್‌ವೆಲ್ ಪ್ರಶ್ನೆ ಬಿಟ್ಟುಹೋಗುವುದು ಸಾಮಾನ್ಯ, ಆದರೆ ಬೆಟ್ಟದ ಊರುಗಳಲ್ಲಿ ಅದು ಮುಖ್ಯ. ಕರೆಂಟಿಲ್ಲದೆ ಪಂಪು ಓಡುವುದಿಲ್ಲ, ಹಾಗಾಗಿ ನೆರೆ ಮುಟ್ಟದ ಮನೆಯಲ್ಲೂ ಕುಡಿಯಲು ತೊಟ್ಟು ನೀರಿರಲಿಲ್ಲ. ರಸ್ತೆ ಪೂರ್ತಿ ಹೋದ ಕಡೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸಿದ ತಂಡಗಳೂ ಇದ್ದವು.

ನೀರಿನ ಕಥೆ ಎಲ್ಲರ ತಾಳ್ಮೆಯನ್ನೂ ತಿಂದುಹಾಕಿತು. ನಾರ್ತ್ ಫೋರ್ಕ್ ಜಲಾಶಯದಿಂದ ನಗರಕ್ಕೆ ಬರುವ ದೊಡ್ಡ ಕೊಳವೆಗಳು ಕೊಚ್ಚಿಹೋದವು. ಇಂಥ ದಿನಕ್ಕೆಂದೇ 25 ಅಡಿ ಆಳದಲ್ಲಿ ಹೂತಿಟ್ಟಿದ್ದ ಬದಲಿ ಕೊಳವೆಯೂ ಉಳಿಯಲಿಲ್ಲ. ಕೊಳವೆ ಸರಿಯಾದ ಮೇಲೂ ಜಲಾಶಯದ ತುಂಬ ತೇಲುತ್ತಿದ್ದ ಜೇಡಿಮಣ್ಣು ತಳಕ್ಕೆ ಇಳಿಯದೆ ಶುದ್ಧೀಕರಣ ಘಟಕ ಅದನ್ನು ಸೋಸಲಾರದಾಯಿತು. ಅಕ್ಟೋಬರ್ ಮಧ್ಯದ ಹೊತ್ತಿಗೆ ನಲ್ಲಿಗೆ ನೀರು ಬಂದರೂ ಅದು ಫ್ಲಶ್ ಮಾಡಲಷ್ಟೇ. ಕುಡಿಯಬಹುದು ಎಂಬ ಪ್ರಕಟಣೆ ಬಂದದ್ದು ನವೆಂಬರ್ 18ಕ್ಕೆ, 53 ದಿನಗಳ ನಂತರ.

ಹೊರಗಿನಿಂದ ಬಂದ ಲಾರಿಗಳಲ್ಲೆಲ್ಲ ಕುಡಿಯುವ ನೀರಿನ ಬಾಟಲಿ. ಶೌಚಾಲಯಕ್ಕೆ ಬೇಕಾದ ನೀರನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ವಯಸ್ಸಾದವರು ಇರುವ ಅಪಾರ್ಟ್‌ಮೆಂಟುಗಳಲ್ಲಿ ಮೂರನೇ ದಿನಕ್ಕೆ ಅದೇ ಆರೋಗ್ಯದ ಮೊದಲ ಅಪಾಯವಾಯಿತು. ಒಂದು ಫ್ಲಶ್‌ಗೆ ಒಂದೂವರೆ ಗ್ಯಾಲನ್, ಅಂದರೆ ಆರು ಲೀಟರಿಗೆ ಸ್ವಲ್ಪ ಕಡಿಮೆ. ಬಕೆಟ್ಟಿನಿಂದ ನೇರ ಕಮೋಡಿಗೆ ಒಂದೇ ಸಲ ರಭಸವಾಗಿ ಸುರಿಯಬೇಕು, ನಿಧಾನ ಸುರಿದರೆ ಎಳೆದುಕೊಳ್ಳುವುದಿಲ್ಲ. ಈ ನೀರನ್ನು ಸಾಗಿಸಲು ಕಬ್ಬಿಣದ ಪಂಜರದೊಳಗಿನ 275 ಗ್ಯಾಲನ್‌ನ ಪ್ಲಾಸ್ಟಿಕ್ ಟ್ಯಾಂಕು ಸಿಗುತ್ತದೆ. ಇಲ್ಲಿ ಎಚ್ಚರ ಬೇಕು. ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುತ್ತದೆ, ತುಂಬಿದ ಟ್ಯಾಂಕು 2,300 ಪೌಂಡ್ ಮೀರುತ್ತದೆ. ಸಾಮಾನ್ಯ ಪಿಕಪ್ ಅಷ್ಟು ಹೊರುವುದಿಲ್ಲ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಹೊರಬಹುದೆಂದು ಬರೆದಿರುತ್ತದೆ, ಅದನ್ನು ಓದಿಯೇ ತುಂಬಿ. ಬೆಟ್ಟದ ಇಳಿಜಾರಿನಲ್ಲಿ ಅರ್ಧ ತುಂಬಿದ ಟ್ಯಾಂಕಿನ ನೀರು ಕುಲುಕಿ ಗಾಡಿಯನ್ನೇ ಎಳೆಯುತ್ತದೆ, ವೇಗ ತಗ್ಗಿಸಿ. ಮೊದಲು ಅದರಲ್ಲಿ ಏನಿತ್ತು ಎಂದು ಗೊತ್ತಿಲ್ಲದ ಟ್ಯಾಂಕನ್ನು ಮುಟ್ಟಬೇಡಿ. ‘ಕುಡಿಯಲು ಅಲ್ಲ’ ಎಂದು ನಾಲ್ಕೂ ಬದಿಗೆ ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಬರೆಯಿರಿ.

ಕುಡಿಯುವುದಕ್ಕೆ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಲೆಕ್ಕ. ಬಾಟಲಿ ಇಲ್ಲದ ಕಡೆ ಕುದಿಸಿ. ಅದೂ ಆಗದಿದ್ದರೆ ಸುವಾಸನೆ ಬೆರೆಸದ ಬ್ಲೀಚ್: ಶೇಕಡಾ 6ರದ್ದಾದರೆ ಗ್ಯಾಲನ್‌ಗೆ 8 ಹನಿ, ಶೇಕಡಾ 8.25ರದ್ದಾದರೆ 6 ಹನಿ, ಕಲಕಿ ಅರ್ಧ ಗಂಟೆ ಬಿಡಬೇಕು. ನೀರು ಕದಡಿದ್ದರೆ ಬಟ್ಟೆಯಲ್ಲಿ ಸೋಸಿ, ಹನಿ ಎರಡರಷ್ಟು ಹಾಕಿ. ನೆರೆಯ ನೀರಲ್ಲಿ ಡೀಸೆಲ್ಲೋ ಕಾರ್ಖಾನೆಯ ರಾಸಾಯನಿಕವೋ ಬೆರೆತಿದ್ದರೆ ಕುದಿಸಿದರೂ ಬ್ಲೀಚ್ ಹಾಕಿದರೂ ಪ್ರಯೋಜನವಿಲ್ಲ. ನದಿಬದಿಯ ಬೋರ್‌ವೆಲ್ ಮುಳುಗಿದ್ದರೆ ಕ್ಲೋರಿನ್ ಹಾಕಿ ತೊಳೆದು, ಪ್ರಯೋಗಾಲಯದ ವರದಿ ಬರುವವರೆಗೆ ಆ ನೀರು ಪಾತ್ರೆಗೂ ಬೇಡ.

ಆಹಾರದ ಕೊಂಡಿಯೇ ಕಡಿದದ್ದು ಇನ್ನೊಂದು ಪೆಟ್ಟು. ಇಡೀ ಪಶ್ಚಿಮ ನಾರ್ತ್ ಕೆರೊಲೈನಾದ ದಾನದ ಆಹಾರ ಹಂಚುವ ಮ್ಯಾನಾ ಫುಡ್‌ಬ್ಯಾಂಕಿನ ಗೋದಾಮು ಸ್ವಾನನೋವಾ ನದಿಯ ಬದಿಯಲ್ಲೇ ಇತ್ತು, ನೆರೆಯಲ್ಲಿ ನಾಶವಾಯಿತು. ಅವರು ಬೇರೆ ಜಾಗ ಹುಡುಕಿಕೊಂಡು ದಿನಗಳಲ್ಲೇ ಹಂಚಿಕೆ ಮತ್ತೆ ಶುರುಮಾಡಿದರು. ವರ್ಲ್ಡ್ ಸೆಂಟ್ರಲ್ ಕಿಚನ್ ಬಿಸಿ ಊಟ ತಂದಿತು. ಬಿಲವ್ಡ್ ಆಶ್‌ವಿಲ್‌ನಂಥ ಊರಿನದೇ ಸಂಸ್ಥೆಗಳು ಮೊದಲಿಂದ ಗುರುತಿದ್ದ ಓಣಿಗಳಿಗೆ ಸಾಮಾನು ಒಯ್ದವು. ಹೊರಗಿನವರ ಲಾರಿಗೂ ಒಳಗಿನ ಮನೆಗೂ ನಡುವಿನ ಕೊನೆಯ ಎರಡು ಮೈಲಿ ಊರವರದ್ದೇ. ಯಾವ ಮುದುಕಿ ಬಾಗಿಲು ತೆಗೆಯುವುದಿಲ್ಲ, ಯಾವ ಓಣಿಯಲ್ಲಿ ಸ್ಪ್ಯಾನಿಷ್ ಮಾತ್ರ ನಡೆಯುತ್ತದೆ ಎಂಬುದು ಹೊರಗಿನ ಯಾವ ಸಂಸ್ಥೆಗೂ ಗೊತ್ತಿರಲಿಲ್ಲ.

ಹಂಚುವ ಜಾಗದ ಬಗ್ಗೆ ಒಂದು ಮಾತು. ಹಳೆಬಟ್ಟೆ ಕಳಿಸಬೇಡಿ. ಎರಡನೇ ವಾರದ ಹೊತ್ತಿಗೆ ಒಣಗಿದ ಕಟ್ಟಡಗಳಲ್ಲಿ ಅತಿ ಬೆಲೆಬಾಳುವ ವಸ್ತುವೆಂದರೆ ನೆಲದ ಜಾಗ, ಅದನ್ನೆಲ್ಲ ಗಾತ್ರ ವಿಂಗಡಿಸದ ಬಟ್ಟೆಮೂಟೆಗಳು ಆಕ್ರಮಿಸಿದ್ದವು. ಅವುಗಳನ್ನು ಬಿಚ್ಚಲು ಹತ್ತು ಜನ ಕೂತರೆ ಕೆಸರು ತೆಗೆಯಲು ಹತ್ತು ಜನ ಕಡಿಮೆ. ಬೇಕಾದ್ದು ವಾರವಾರಕ್ಕೆ ಬದಲಾಗುತ್ತದೆ. ಮೊದಲ ವಾರ ನೀರು, ಮಗುವಿನ ಹಾಲಿನ ಪುಡಿ, ಡೈಪರ್, ಪವರ್‌ಬ್ಯಾಂಕ್. ಎರಡನೇ ವಾರ ಎನ್95 ಮುಖಗವಸು, ದಪ್ಪ ಕೈಗವಸು, 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ದಪ್ಪದ ಕಸದ ಚೀಲ, ಸಲಿಕೆ, ಚಪ್ಪಟೆ ಸಬ್ಬಲ್. ಅಕ್ಟೋಬರ್ ಕೊನೆಗೆ ಬೆಟ್ಟದ ರಾತ್ರಿಗಳು ಕೊರೆಯತೊಡಗಿದಾಗ ಕಂಬಳಿ, ಹೀಟರ್, ಪ್ರೊಪೇನ್. ಇದನ್ನೆಲ್ಲ ಮೊದಲೇ ಊಹಿಸಿ ಕೊಂಡುತರುವುದಕ್ಕಿಂತ ಸ್ಥಳೀಯ ಸಂಸ್ಥೆಗೆ ಹಣ ಕೊಡುವುದೇ ಲೇಸು. ಪ್ರೊಪೇನ್ ಹೀಟರಾದರೆ ಮನೆಯೊಳಗೆ ಬಳಸಲು ತಯಾರಾದದ್ದನ್ನೇ ಕೊಡಿ, ಜೊತೆಗೆ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಕೊಡಿ. ಜನರೇಟರ್ ಮನೆಯಿಂದ 20 ಅಡಿ ದೂರ, ಹೊಗೆ ಕಿಟಕಿಯ ಕಡೆ ತಿರುಗದಂತಿರಬೇಕು.

ಈಗ ಕೆಸರು ತೆಗೆಯುವ ಕೆಲಸ. ಸರದಿ ಮೊದಲ ಸಲ ತಪ್ಪುವುದು ಇಲ್ಲೇ. ನೀರಿಳಿದ 24ರಿಂದ 48 ಗಂಟೆಯಲ್ಲಿ ಬೂಷ್ಟು ಹಿಡಿಯಲು ಶುರುವಾಗುತ್ತದೆ, ಹಾಗಾಗಿ ಎಲ್ಲರಿಗೂ ಆತುರ. ಒಳ್ಳೆಯ ಮನಸ್ಸಿನ ಇಪ್ಪತ್ತು ಜನ ಬಂದು ಒಂದೇ ಮಧ್ಯಾಹ್ನದಲ್ಲಿ ಮನೆಯನ್ನೆಲ್ಲ ಖಾಲಿಮಾಡಿ ರಸ್ತೆಗೆ ಹಾಕಿಬಿಡುತ್ತಾರೆ. ಸಂಜೆಗೆ ಮನೆ ಶುಭ್ರ. ಆದರೆ ವಿಮೆಗೂ ಸರ್ಕಾರಕ್ಕೂ ತೋರಿಸಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಸಲಿಕೆಗಿಂತ ಮುಂಚೆ ಫೋಟೊ. ಪ್ರತಿ ಕೋಣೆಯ ನಾಲ್ಕು ಮೂಲೆ, ಗೋಡೆಯ ಮೇಲಿನ ನೀರಿನ ಗುರುತಿನ ಪಕ್ಕ ಟೇಪು ಹಿಡಿದು ಒಂದು, ಮನೆಯ ಹೊರಗೋಡೆಯ ಗುರುತಿನದ್ದೊಂದು. ಫ್ರಿಜ್, ವಾಷಿಂಗ್ ಮೆಷಿನ್, ಬಿಸಿನೀರಿನ ಟ್ಯಾಂಕು, ಮನೆ ಬೆಚ್ಚಗಿಡುವ ಫರ್ನೇಸ್ ಇವುಗಳ ಮಾಡೆಲ್ ಮತ್ತು ಸೀರಿಯಲ್ ನಂಬರಿನ ಫಲಕದ ಫೋಟೊ. ಕಾರ್ಪೆಟ್ಟು, ಪರದೆ, ಗೋಡೆಯ ಹಲಗೆ ಇವುಗಳಿಂದ ಅಂಗೈಯಗಲದ ತುಂಡು ಕತ್ತರಿಸಿ ಚೀಲದಲ್ಲಿಟ್ಟು ಹೆಸರು ಬರೆಯಿರಿ. ಒಂದು ಮನೆಗೆ ನಲವತ್ತು ನಿಮಿಷ ಬೇಕಾಗುವ ಈ ಕೆಲಸ ಮುಂದೆ ಆರು ತಿಂಗಳ ಪತ್ರವ್ಯವಹಾರ ಉಳಿಸುತ್ತದೆ.

ಯಾರ ಮನೆಗೆ ಯಾವ ತಂಡ ಎಂಬುದನ್ನು ಹೊಂದಿಸಲು ಕ್ರೈಸಿಸ್ ಕ್ಲೀನಪ್ ಎಂಬ ಉಚಿತ ವ್ಯವಸ್ಥೆ ಇದೆ. ಮನೆಯವರು ಅದರ ಫೋನಿಗೆ ಕರೆಮಾಡಿದರೆ ಒಂದು ಕೇಸ್ ತೆರೆಯುತ್ತದೆ, ಆ ಪ್ರದೇಶದಲ್ಲಿರುವ ತಂಡಗಳು ಅದನ್ನು ನೋಡಿ ಎತ್ತಿಕೊಳ್ಳುತ್ತವೆ. ಬ್ಯಾಪ್ಟಿಸ್ಟ್ಸ್ ಆನ್ ಮಿಷನ್, ಸಮ್ಯಾರಿಟನ್ಸ್ ಪರ್ಸ್, ಟೀಮ್ ರೂಬಿಕಾನ್ ತರಹದ ದೊಡ್ಡ ತಂಡಗಳು ಸ್ವಂತ ಯಂತ್ರ, ಊಟ, ಹಾಸಿಗೆ ಸಮೇತ ಬರುತ್ತವೆ. ಅವು ಯಾವುದಕ್ಕೂ ಹಣ ಕೇಳುವುದಿಲ್ಲ. ಇದನ್ನು ಮನೆಯವರಿಗೆ ಬಿಡಿಸಿ ಹೇಳಬೇಕು, ಏಕೆಂದರೆ ಅದೇ ವಾರ ಬಾಗಿಲಿಗೆ ಬಂದು ಮುಂಗಡ ಕೇಳುವ ಗುತ್ತಿಗೆದಾರರೂ ಇರುತ್ತಾರೆ. ನಮ್ಮಲ್ಲಿ ತೊಡಕಾದದ್ದು ಫೋನಿನಿಂದಲೇ. ಸಿಗ್ನಲ್ ಇಲ್ಲದವರು ಕರೆಮಾಡುವುದು ಹೇಗೆ? ನಡೆದು ಬರೆದ ಹಾಳೆಗಳು ಇಲ್ಲಿ ಕೆಲಸಕ್ಕೆ ಬಂದವು. ಅವನ್ನು ನೋಡಿಕೊಂಡು ಮನೆಯವರ ಪರವಾಗಿ ಕೇಸ್ ತೆರೆದೆವು. ಮನೆಯವರ ಸಹಿ ಇರುವ ಒಪ್ಪಿಗೆ ಪತ್ರ ಇಲ್ಲದೆ ಯಾವ ತಂಡವೂ ಒಳಗೆ ಕಾಲಿಡುವುದಿಲ್ಲ, ಬಾಡಿಗೆ ಮನೆಯಾದರೆ ಮಾಲೀಕರ ಸಹಿಯೇ ಬೇಕು. ಮಾಲೀಕರು ಬೇರೆ ರಾಜ್ಯದಲ್ಲಿದ್ದು ಸಹಿಗಾಗಿ ಒಂಬತ್ತು ಹತ್ತು ದಿನ ಕಾದ ಮನೆಗಳ ಗೋಡೆಗಳು ಅಷ್ಟರಲ್ಲಿ ಕಪ್ಪಾಗಿದ್ದವು.

ಒಂದು ಸಾಧಾರಣ ಮನೆ ಎಂಟು ಹತ್ತು ಜನರಿಗೆ ಎರಡು ದಿನದ ಕೆಲಸ. ಮೊದಲು ಕರೆಂಟು, ಗ್ಯಾಸು ಬಂದ್ ಆಗಿದೆಯೇ ನೋಡಿ. ಮೊದಲು ಕೆಸರು, ಆಮೇಲೆ ಸಾಮಾನು, ಆಮೇಲೆ ಕಾರ್ಪೆಟ್ಟು, ಕೊನೆಗೆ ಗೋಡೆ. ಒಳಗೋಡೆಯ ಜಿಪ್ಸಂ ಹಲಗೆ, ಅಂದರೆ ಡ್ರೈವಾಲ್, ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ, ಆದ್ದರಿಂದ ಗುರುತಿಗಿಂತ ಒಂದೆರಡು ಅಡಿ ಮೇಲೆ ಕತ್ತರಿಸಬೇಕು. ನೀರು ಎರಡು ಅಡಿ ನಿಂತಿದ್ದರೆ ಸರಿಯಾಗಿ ನಾಲ್ಕು ಅಡಿಗೆ ಕತ್ತರಿಸಿ. ಡ್ರೈವಾಲ್ ಹಾಳೆ ನಾಲ್ಕು ಅಡಿ ಅಗಲ, ಮುಂದೆ ಕೂಡಿಸುವವರಿಗೆ ಅಡ್ಡಲಾಗಿ ಒಂದೇ ಹಾಳೆ ಕೂರುತ್ತದೆ. ಒಳಗೆ ಚಳಿ ತಡೆಯಲು ತುಂಬಿರುವ ಒದ್ದೆ ಇನ್ಸುಲೇಶನ್ ಎಲ್ಲವನ್ನೂ ತೆಗೆಯಬೇಕು. 1978ಕ್ಕೆ ಮುಂಚಿನ ಮನೆಯಾದರೆ ಬಣ್ಣದಲ್ಲಿ ಸೀಸ, ಹಳೆಯ ನೆಲದ ಟೈಲು ಮತ್ತು ಪೈಪಿನ ಹೊದಿಕೆಯಲ್ಲಿ ಆಸ್ಬೆಸ್ಟೋಸ್ ಇರಬಹುದು. ಅಲ್ಲಿಗೆ ಹೊಸಬರನ್ನು ಕಳಿಸಬೇಡಿ.

ಈ ಸೀಮೆಯ ಮನೆಗಳಿಗೆ ನೆಲದಡಿ ಎರಡು ಮೂರು ಅಡಿ ಎತ್ತರದ ಪೊಳ್ಳು ಜಾಗ ಇರುತ್ತದೆ. ಬಹಳ ತಂಡಗಳು ಅದನ್ನು ಮರೆತವು. ಮೇಲೆ ಗೋಡೆ ಒಣಗಿ ಬೆಳ್ಳಗಾಗಿದ್ದರೆ ಕೆಳಗೆ ಒಂದಡಿ ಹೂಳು, ಒದ್ದೆ ಇನ್ಸುಲೇಶನ್ನು, ನೀರು ತುಂಬಿದ ಗಾಳಿಯ ಕೊಳವೆ. ಫರ್ನೇಸ್ ಹಚ್ಚಿದ ದಿನ ಆ ಬೂಷ್ಟೆಲ್ಲ ಮನೆಯೊಳಗೆ. ಕೆಳಗಿನದನ್ನು ಬಕೆಟ್ಟಿನಲ್ಲಿ ಎಳೆದು ತೆಗೆದು, ಕೊಳವೆ ಕಳಚಿ, ಒಣಗಿದ ಮೇಲೆ 6 ಮಿಲ್ ಪ್ಲಾಸ್ಟಿಕ್ ಹಾಸಬೇಕು. ಮೈ ಹಿಂಡುವ ಕೆಲಸ, ಫೋಟೊದಲ್ಲಿ ಚೆಂದ ಕಾಣುವುದಿಲ್ಲ, ಹಾಗಾಗಿ ಯಾರೂ ಮುಂದೆ ಬರುವುದಿಲ್ಲ. ಹೊಸ ತಂಡ ಬಂದಾಗ ಮೊದಲ ಪ್ರಶ್ನೆ ಇದೇ ಆಗಿರಲಿ: ನೆಲದಡಿಗೆ ಇಳಿಯುವವರು ಎಷ್ಟು ಜನ ಇದ್ದೀರಿ?

ಬಿಚ್ಚಿದ ಮನೆ ಒಣಗಬೇಕು. ಫ್ಯಾನು, ತೇವ ಹೀರುವ ಯಂತ್ರ ಹಗಲೂ ರಾತ್ರಿ ಓಡಿದರೂ ಕೆಲವು ವಾರ. ಗೋಡೆಯೊಳಗಿನ ಮರದ ಕಂಬಗಳ ತೇವವನ್ನು ಮೀಟರಿನಿಂದ ಚುಚ್ಚಿ ನೋಡಿ, ಶೇಕಡಾ 15ಕ್ಕಿಂತ ಕೆಳಗೆ ಬರುವವರೆಗೆ ಗೋಡೆ ಮುಚ್ಚಬೇಡಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆ ಸೇರಬೇಕೆಂಬ ಆಸೆಯಿಂದ ಬೇಗ ಮುಚ್ಚಿಸಿಕೊಂಡ ಗೋಡೆಗಳನ್ನು ಫೆಬ್ರವರಿಯಲ್ಲಿ ಮತ್ತೆ ಬಿಚ್ಚಬೇಕಾಯಿತು. ಹಸಿಮರಕ್ಕೆ ಬ್ಲೀಚ್ ಬಳಿದರೆ ಮೇಲ್ಮೈ ಬೆಳ್ಳಗಾಗುತ್ತದೆ, ಒಳಗಿನದು ಉಳಿಯುತ್ತದೆ. ಮೊದಲು ತಂತಿಬ್ರಷ್ಷು, ಸೋಪು, ಆಮೇಲೆ ಬೂಷ್ಟುನಾಶಕ. ಬ್ಲೀಚಿಗೆ ಅಮೋನಿಯ ಇರುವ ಯಾವುದನ್ನೂ ಬೆರೆಸಬಾರದು, ಹುಟ್ಟುವ ಅನಿಲ ಪ್ರಾಣಕ್ಕೇ ಅಪಾಯ.

ಕಸವನ್ನು ರಸ್ತೆಬದಿಗೆ ಹಾಕುವಾಗ ರಾಶಿ ಬೇರೆ ಬೇರೆ: ಮರದ ಕೊಂಬೆ, ಕಟ್ಟಡದ ಅವಶೇಷ, ಫ್ರಿಜ್ಜಿನಂಥ ದೊಡ್ಡ ಯಂತ್ರ, ಎಲೆಕ್ಟ್ರಾನಿಕ್ಸ್, ಬಣ್ಣ ಮತ್ತು ಕೀಟನಾಶಕ. ಬೆರೆತ ರಾಶಿಯನ್ನು ಲಾರಿ ಎತ್ತುವುದಿಲ್ಲ. ಕರೆಂಟು ತಂತಿಯ ಕೆಳಗೆ ಹಾಕಿದರೂ ಎತ್ತುವುದಿಲ್ಲ, ಕ್ರೇನಿನ ತೋಳು ತಂತಿಗೆ ತಗಲುತ್ತದೆ.

ಮನೆಯವರ ಬಗ್ಗೆಯೂ ಹೇಳಬೇಕು. ಸಾಮಾನು ಹೊರಗೆ ಬೀಳುತ್ತಿರುವಾಗ ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮಾತಿಲ್ಲದೆ ಕೂತಿರುತ್ತಾರೆ. ಕೆಸರು ಮೆತ್ತಿದ ಒಂದು ಡಬ್ಬಿಯನ್ನು ನೀವು ಕಸಕ್ಕೆ ಹಾಕುವಾಗ ಅದು ಅವರ ಅಮ್ಮನ ಕೈಬರಹದ ಅಡುಗೆ ಚೀಟಿಗಳ ಡಬ್ಬಿಯಾಗಿರಬಹುದು. ಕೇಳದೆ ಏನನ್ನೂ ಎಸೆಯಬೇಡಿ. ಪ್ರತಿ ತಂಡದಲ್ಲಿ ಒಬ್ಬರಿಗೆ ಬೇರೆ ಕೆಲಸ ಕೊಡಬೇಡಿ, ಮನೆಯವರ ಪಕ್ಕದಲ್ಲಿ ಕೂರುವುದೇ ಅವರ ಕೆಲಸವಾಗಲಿ. ಒದ್ದೆಯಾದ ಫೋಟೊಗಳನ್ನು ಒಂದರಿಂದ ಒಂದು ಬಿಡಿಸಿ ತಣ್ಣೀರಲ್ಲಿ ಮೆಲ್ಲಗೆ ತೊಳೆದು, ಚಿತ್ರದ ಮುಖ ಮೇಲಾಗಿಟ್ಟು ನೆರಳಲ್ಲಿ ಒಣಗಿಸಿದರೆ ಉಳಿಯುತ್ತವೆ. ಅಂದೇ ಆಗದಿದ್ದರೆ ಚೀಲದಲ್ಲಿಟ್ಟು ಫ್ರೀಜರಿಗೆ ಹಾಕಿ. ಆಮೇಲೆ ಬಿಡುವಾಗಿ ತೊಳೆಯಬಹುದು.

ಇನ್ನು ಕಾಗದಪತ್ರ. ಸೆಪ್ಟೆಂಬರ್ 28ಕ್ಕೆ ರಾಜ್ಯಕ್ಕೆ ವಿಪತ್ತು ಘೋಷಣೆಯಾಗಿ ಫೀಮಾದ, ಅಂದರೆ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯ, ಅರ್ಜಿ ತೆರೆಯಿತು. ಮೊದಲು ಬಂದದ್ದು ತುರ್ತಿಗೆಂದು ಮನೆಗೊಂದರಂತೆ 750 ಡಾಲರ್. ಸರ್ಕಾರ ಕೊಡುವುದು ಇಷ್ಟೇ, ಇದು ಸಾಲ, ತೆಗೆದುಕೊಂಡರೆ ಜಾಗ ಹೋಗುತ್ತದೆ ಎಂಬ ಸುಳ್ಳುಸುದ್ದಿ ನೆರೆಗಿಂತ ವೇಗವಾಗಿ ಹರಡಿತು. ಅದನ್ನು ನಂಬಿ ಅರ್ಜಿಯನ್ನೇ ಹಾಕದ ಮನೆಗಳಿದ್ದವು. ಆ ವಿಪತ್ತಿಗೆ ಮನೆ ದುರಸ್ತಿಗೂ ಇತರ ಅಗತ್ಯಗಳಿಗೂ ಗರಿಷ್ಠ ಮಿತಿ ತಲಾ 42,500 ಡಾಲರ್ ಇತ್ತು. ಅರ್ಜಿಯ ಗಡುವು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿ ಕೊನೆಗೆ 2025ರ ಮಾರ್ಚ್ 8ಕ್ಕೆ ನಿಂತಿತು. ಹಾಗೆ ಮುಂದೆ ಹೋಗುತ್ತದೆಂದು ಕಾಯಬೇಡಿ.

ವೀಸಾದ ಪ್ರಶ್ನೆಯನ್ನು ನಮ್ಮವರೇ ಹೆಚ್ಚು ಕೇಳುತ್ತಾರೆ. ನೀರು, ಊಟ, ಆಸರೆಗೆ ಯಾರೂ ವೀಸಾ ಕೇಳುವುದಿಲ್ಲ. ಫೀಮಾದ ಹಣಕ್ಕೆ ಮನೆಯಲ್ಲಿ ಒಬ್ಬರಾದರೂ ಪೌರರೋ, ಗ್ರೀನ್ ಕಾರ್ಡಿನವರೋ, ಆಶ್ರಯ ಪಡೆದವರೋ ಇರಬೇಕಿತ್ತು. ಎಚ್-1ಬಿ ಆ ಪಟ್ಟಿಯಲ್ಲಿ ಇಲ್ಲ. ಆದರೆ ಇಲ್ಲೇ ಹುಟ್ಟಿದ ಮಗು ಮನೆಯಲ್ಲಿದ್ದರೆ ಮಗುವಿನ ಸೋಷಿಯಲ್ ಸೆಕ್ಯುರಿಟಿ ನಂಬರಿನ ಮೇಲೆ ತಂದೆತಾಯಿ ಅರ್ಜಿ ಹಾಕಬಹುದಿತ್ತು. ಇದು ತಿಳಿಯದೆ ಸುಮ್ಮನಿದ್ದುಬಿಡುವವರು ಬಹಳ.

ಅರ್ಜಿ ಹಾಕಿದ ಮೇಲೆ ಪರಿಶೀಲಕರು ಫೋನ್ ಮಾಡುತ್ತಾರೆ, ಅದೂ ಪರಿಚಯವಿಲ್ಲದ ನಂಬರಿನಿಂದ. ಸಿಗ್ನಲ್ ಇಲ್ಲದ ಊರಲ್ಲಿ ಆ ಕರೆ ತಪ್ಪಿ, ‘ಸಂಪರ್ಕ ಸಿಗಲಿಲ್ಲ’ ಎಂದು ಅರ್ಜಿ ಬಿದ್ದುಹೋದದ್ದುಂಟು. ಅರ್ಜಿಯಲ್ಲಿ ಕೆಲಸ ಮಾಡುವ ಒಂದು ಬದಲಿ ನಂಬರು ಕೊಡಿ, ಊರಾಚೆಯ ಅಕ್ಕನದ್ದೋ ಮಗನದ್ದೋ ಆದರೂ ಸರಿ. ನಿಜವಾದ ಪರಿಶೀಲಕರ ಬಳಿ ನಿಮ್ಮ ಒಂಬತ್ತು ಅಂಕಿಯ ಅರ್ಜಿ ಸಂಖ್ಯೆ ಇರುತ್ತದೆ, ಅವರು ಹಣ ಕೇಳುವುದಿಲ್ಲ.

ಆಮೇಲೆ ಬರುವ ಪತ್ರದಲ್ಲಿ ‘ಅನರ್ಹ’ ಎಂದಿದ್ದರೆ ಅದನ್ನು ಮಡಚಿ ಒಳಗಿಡಬೇಡಿ. ಬಹಳಷ್ಟು ಸಲ ಅದರ ಅರ್ಥ ಒಂದು ಕಾಗದ ಕಡಿಮೆ ಎಂದಷ್ಟೇ. ವಿಮಾ ಕಂಪನಿಯ ತೀರ್ಮಾನದ ಪತ್ರ, ಅಲ್ಲಿ ವಾಸವಿದ್ದುದಕ್ಕೆ ಕರೆಂಟು ಬಿಲ್ಲು, ಮಾಲೀಕತ್ವಕ್ಕೆ ಕ್ರಯಪತ್ರ ಅಥವಾ ತೆರಿಗೆ ರಸೀದಿ. ಪತ್ರದ ಮೇಲಿನ ದಿನಾಂಕದಿಂದ 60 ದಿನದೊಳಗೆ ಮೇಲ್ಮನವಿ. ಬೆಟ್ಟದ ಕಡೆ ಅಜ್ಜನ ಹೆಸರಲ್ಲೇ ಉಳಿದ ಮನೆಗಳು ಬಹಳ, ವಿಲ್ ಇಲ್ಲ, ಪಾಲಾಗಿಲ್ಲ. ಫೀಮಾ ನಿಯಮದ 2021ರ ಬದಲಾವಣೆಯ ನಂತರ ಬೇರೆ ದಾಖಲೆ ಸಿಗದಿದ್ದರೆ ಸ್ವಯಂಘೋಷಣೆಯನ್ನೂ ಒಪ್ಪುತ್ತಾರೆ. ಮೊಬೈಲ್ ಹೋಮಿಗೆ ಕ್ರಯಪತ್ರ ಇರುವುದಿಲ್ಲ, ಕಾರಿನ ಹಾಗೆ ವಾಹನ ನೋಂದಣಿ ಇಲಾಖೆಯ (ಡಿಎಂವಿ) ಟೈಟಲ್. ಅದು ನೆರೆಯಲ್ಲಿ ಹೋಗಿದ್ದರೆ ನಕಲಿಗೆ ಮೊದಲ ವಾರವೇ ಅರ್ಜಿ ಹಾಕಿ. ಲೀಗಲ್ ಏಡ್ ಆಫ್ ನಾರ್ತ್ ಕೆರೊಲೈನಾದ ವಕೀಲರು ಇಂಥ ಕೇಸುಗಳನ್ನು ಉಚಿತವಾಗಿ ನೋಡಿದರು. ಖಾಸಗಿ ಸೇತುವೆ ಕೊಚ್ಚಿಹೋದವರಿಗೆ ಇನ್ನೊಂದು ತೊಡಕು. ಮನೆಗೆ ಅದೊಂದೇ ದಾರಿಯಾಗಿದ್ದರೆ ದುರಸ್ತಿಗೆ ನೆರವುಂಟು, ಆದರೆ ಐದು ಮನೆ ಸೇರಿ ಬಳಸುವ ಸೇತುವೆಯಾದರೆ ಐವರೂ ಬೇರೆ ಬೇರೆ ಅರ್ಜಿ ಹಾಕಿ ಒಪ್ಪಂದಕ್ಕೆ ಬರಬೇಕು. ಅದರಲ್ಲಿ ಒಬ್ಬರು ಊರು ಬಿಟ್ಟಿದ್ದರೆ ಐದೂ ಮನೆ ನಿಂತಂತೆ.

ಸಾಮಾನ್ಯ ಮನೆವಿಮೆ ನೆರೆಗೆ ಕೊಡುವುದಿಲ್ಲ. ಸರ್ಕಾರದ ನೆರೆವಿಮೆ ಕಟ್ಟಡಕ್ಕೆ 2,50,000, ಸಾಮಾನಿಗೆ 1,00,000 ಡಾಲರ್‌ವರೆಗೆ ಕೊಡುತ್ತದೆ, ಕೆಸರಿನ ಹರಿವಿಗೂ ಕೊಡುತ್ತದೆ, ಗುಡ್ಡ ಕುಸಿತಕ್ಕೆ ಕೊಡುವುದಿಲ್ಲ. ಮನೆಯ ಮೇಲೆ ಬಂದ ಮಣ್ಣು ಹರಿದದ್ದೋ ಕುಸಿದದ್ದೋ ಎಂಬ ಒಂದು ಪದದ ಮೇಲೆ ಇಡೀ ಮನೆಯ ಬೆಲೆ ನಿಂತಿರುತ್ತದೆ. ಇಲ್ಲೂ ಮೊದಲ ದಿನದ ಫೋಟೊವೇ ಸಾಕ್ಷಿ. ಎಸ್‌ಬಿಎ ಎಂಬ ಕೇಂದ್ರ ಸಂಸ್ಥೆ ವಿಪತ್ತಿಗೆ ಸಿಕ್ಕವರಿಗೆ ಕೊಡುವ ಕಡಿಮೆ ಬಡ್ಡಿಯ ಸಾಲಕ್ಕೆ ಇಟ್ಟ ಹಣ ಅಕ್ಟೋಬರ್ ಮಧ್ಯಕ್ಕೆ ಮುಗಿದು, ಅಮೆರಿಕದ ಸಂಸತ್ತು (ಕಾಂಗ್ರೆಸ್) ಮತ್ತೆ ಹಣ ಕೊಟ್ಟದ್ದು ಡಿಸೆಂಬರ್ ಕೊನೆಗೆ. ಅರ್ಜಿ ಹಾಕಿಟ್ಟವರು ಸಾಲಿನಲ್ಲಿ ಮುಂದಿದ್ದರು.

ದಾನ ಕೊಡುವ ಸಂಘಗಳು ತಿಳಿದಿರಲೇಬೇಕಾದ ನಿಯಮ ಒಂದಿದೆ: ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಬರುವಂತಿಲ್ಲ. ಮೊದಲು ವಿಮೆ, ಆಮೇಲೆ ಫೀಮಾ, ಆಮೇಲೆ ಸಾಲ, ಅದೆಲ್ಲ ಮುಗಿದು ಉಳಿದ ಕೊರತೆಗೆ ದಾನ. ಅಕ್ಟೋಬರಿನಲ್ಲೇ ‘ಮನೆ ದುರಸ್ತಿಗೆ’ ಎಂದು ಬರೆದು ಚೆಕ್ ಕೊಟ್ಟರೆ, ಸರ್ಕಾರದಿಂದ ಬರಬೇಕಿದ್ದುದು ಅಷ್ಟರಮಟ್ಟಿಗೆ ಕಡಿತವಾಗಬಹುದು. ಆನ್‌ಲೈನ್ ಚಂದಾ ಎತ್ತುವಾಗಲೂ ಉದ್ದೇಶವನ್ನು ‘ದುರಸ್ತಿ’ ಎಂದು ಬರೆಯುವ ಮುನ್ನ ಯೋಚಿಸಿ. ಮೊದಲ ತಿಂಗಳಲ್ಲಿ ಊಟ, ಪೆಟ್ರೋಲು, ಬಟ್ಟೆಯಂಥ ತುರ್ತಿಗೆ ಕೊಡಿ, ದೊಡ್ಡ ಮೊತ್ತವನ್ನು ಹಿಡಿದಿಟ್ಟುಕೊಳ್ಳಿ. ಹಣ ಇಟ್ಟುಕೊಂಡು ಕೂತಿದ್ದಾರೆ ಎಂಬ ಮಾತು ಕೇಳಬೇಕಾಗುತ್ತದೆ, ನಾವೂ ಕೇಳಿದೆವು. ಜನವರಿಯ ನಂತರವೇ ಆ ಹಣದ ಬೆಲೆ ಗೊತ್ತಾದದ್ದು.

ಏಕೆಂದರೆ ಹಬ್ಬಗಳ ನಂತರ ಹೊರಗಿನ ತಂಡಗಳು ಹೊರಟವು. ಊರಿನ ಚರ್ಚು, ಸಂಘ, ಸಂಸ್ಥೆಗಳೆಲ್ಲ ಸೇರಿ ದೀರ್ಘಕಾಲದ ಪುನರ್ವಸತಿಗೆ ಒಂದು ಕೂಟ ಮಾಡಿಕೊಳ್ಳುವುದು ಇಲ್ಲಿನ ಪದ್ಧತಿ. ಪ್ರತಿ ಮನೆಗೆ ಒಬ್ಬ ಕೇಸ್ ಮ್ಯಾನೇಜರ್. ವಿಮೆ, ಫೀಮಾ, ಸಾಲ ಇವುಗಳ ಪತ್ರಗಳನ್ನು, ಬಂದದ್ದನ್ನೂ ಬರದದ್ದನ್ನೂ, ಅವರು ಒಟ್ಟುಮಾಡುತ್ತಾರೆ. ನಂತರ ಎಲ್ಲ ಸಂಸ್ಥೆಗಳು ಒಂದು ಮೇಜಿನ ಸುತ್ತ ಕೂರುತ್ತವೆ. ಕೇಸನ್ನು ಹೆಸರಿಲ್ಲದೆ ನಂಬರಿನಿಂದಷ್ಟೇ ಓದುತ್ತಾರೆ: ಇಷ್ಟು ನಷ್ಟ, ಇಷ್ಟು ಬಂತು, ಇಷ್ಟು ಕೊರತೆ. ಒಬ್ಬರು ಡ್ರೈವಾಲ್ ಕೊಡುತ್ತೇವೆ ಎನ್ನುತ್ತಾರೆ, ಇನ್ನೊಬ್ಬರು ಹಣ, ಮತ್ತೊಬ್ಬರು ಆರು ವಾರದ ಬಡಗಿ ತಂಡ. ಆ ತಂಡಗಳಿಗೆ ಮಲಗಲು ಜಾಗ, ಸ್ನಾನಕ್ಕೆ ಬಿಸಿನೀರು ಊರವರು ಹೊಂದಿಸಬೇಕು. ‘ಅನರ್ಹ’ ಪತ್ರ ಎಸೆದುಬಿಟ್ಟವರ ಕೇಸು ಈ ಮೇಜಿಗೆ ಬರುವುದೇ ಇಲ್ಲ, ಸರ್ಕಾರ ಇಲ್ಲ ಎಂದದ್ದಕ್ಕೆ ಆಧಾರವಿಲ್ಲದೆ ದಾನದ ಸರದಿ ಶುರುವಾಗುವುದಿಲ್ಲ.

ನಮಗೆ ಅತಿ ಹೆಚ್ಚು ನೋವು ಕೊಟ್ಟದ್ದು ಶೇಕಡಾ 50ರ ನಿಯಮ. ನೆರೆಯ ವಲಯವೆಂದು ಗುರುತಿಸಿದ ಜಾಗದಲ್ಲಿ, ದುರಸ್ತಿಯ ವೆಚ್ಚ ನೆರೆಗೆ ಮುಂಚಿನ ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧ ಮುಟ್ಟಿದರೆ, ಮನೆಯನ್ನು ಈಗಿನ ನಿಯಮದ ಎತ್ತರಕ್ಕೆ ಏರಿಸದೆ ಪರವಾನಗಿ ಸಿಗುವುದಿಲ್ಲ. ಸ್ವಯಂಸೇವಕರ ಬಿಟ್ಟಿ ದುಡಿಮೆ, ದಾನದ ಸಾಮಾನು ಎರಡನ್ನೂ ಪೇಟೆಯ ದರದಲ್ಲೇ ಆ ವೆಚ್ಚಕ್ಕೆ ಸೇರಿಸುತ್ತಾರೆ. ಇದು ತಿಳಿಯದೆ ಪರವಾನಗಿ ಇಲ್ಲದೆ ಹೊಸ ಗೋಡೆ ಕೂರಿಸಿದ ಮನೆಗಳಲ್ಲಿ ಕೆಲಸ ನಿಂತಿತು, ಕೂರಿಸಿದ್ದೂ ದಂಡವಾಯಿತು. ಒಂದು ಮೊಳೆ ಹೊಡೆಯುವ ಮುನ್ನ ಕೌಂಟಿಯ ಕಚೇರಿಯಲ್ಲಿ ಮನೆ ಯಾವ ವಲಯದಲ್ಲಿದೆ, ಹಾನಿಯ ಅಂದಾಜು ಎಷ್ಟು ಎಂದು ಬರಹದಲ್ಲಿ ಪಡೆಯಿರಿ. ನೆರೆವಿಮೆ ಇದ್ದವರಿಗೆ ಮನೆ ಏರಿಸಲು ಅದರಲ್ಲೇ 30,000 ಡಾಲರ್‌ವರೆಗೆ ಬೇರೆ ಸಿಗುತ್ತದೆ, ಕೇಳಿದರೆ ಮಾತ್ರ. ಕರೆಂಟಿನ ಮೀಟರ್ ಮುಳುಗಿದ್ದರೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಕೆಲಸ ಮಾಡಿ, ಇನ್‌ಸ್ಪೆಕ್ಟರ್ ಒಪ್ಪಿದ ಮೇಲೆಯೇ ಕಂಪನಿ ತಂತಿ ಕೊಡುತ್ತದೆ. ಆ ತಪಾಸಣೆಗೂ ವಾರಗಟ್ಟಲೆ ಸರದಿ, ಆದ್ದರಿಂದ ಗೋಡೆ ಒಣಗುತ್ತಿರುವಾಗಲೇ ದಿನಾಂಕ ಹಾಕಿಸಿಕೊಳ್ಳಿ.

ಸಂಘದವರು ಮೊದಲ ದಿನದಿಂದಲೇ ಹಾಜರಿ ಪುಸ್ತಕ ಇಡಿ. ಸ್ವಯಂಸೇವಕರ ಹೆಸರು, ದಿನಾಂಕ, ಎಷ್ಟು ಗಂಟೆ, ಎಲ್ಲಿ, ಏನು ಕೆಲಸ, ತಂದ ಯಂತ್ರ, ಸಹಿ. ಸಾರ್ವಜನಿಕ ಕೆಲಸಗಳ ವೆಚ್ಚದಲ್ಲಿ ಒಂದು ಪಾಲನ್ನು ರಾಜ್ಯ ಮತ್ತು ಊರು ಹೊರಬೇಕಾದಾಗ, ಸರಿಯಾಗಿ ದಾಖಲಾದ ಈ ಗಂಟೆಗಳನ್ನು ಹಣದ ಬದಲು ಲೆಕ್ಕಕ್ಕೆ ಹಿಡಿಯಬಹುದು. ನೆನಪಿನಿಂದ ಆಮೇಲೆ ಬರೆದದ್ದನ್ನು ಒಪ್ಪುವುದಿಲ್ಲ.

ಫೈಲು ಮುಚ್ಚುವಾಗ ಅದರಲ್ಲಿ ಇರಬೇಕಾದವು: ಮೊದಲ ದಿನದ ಫೋಟೊಗಳು, ತೇವದ ಕೊನೆಯ ಅಳತೆ, ಪರವಾನಗಿ, ಅಂತಿಮ ತಪಾಸಣೆಯ ಚೀಟಿ, ಎಲ್ಲ ಪತ್ರಗಳು. ಫೀಮಾದ ಹಣ ಖರ್ಚುಮಾಡಿದ ರಸೀದಿಗಳನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ನೆರೆಯ ವಲಯದಲ್ಲಿ ದುರಸ್ತಿಗೆ ಆ ಹಣ ಪಡೆದ ಮನೆಗೆ ಇನ್ನು ಮುಂದೆ ನೆರೆವಿಮೆ ಇರಲೇಬೇಕು, ಬಿಟ್ಟರೆ ಮುಂದಿನ ಸಲ ಅದೇ ನೆರವು ಸಿಗುವುದಿಲ್ಲ. ಹೊಸ ವಿಮೆ ಸಾಮಾನ್ಯವಾಗಿ 30 ದಿನದ ನಂತರವೇ ಜಾರಿಗೆ ಬರುತ್ತದೆ. ಚಂಡಮಾರುತದ ಕಾಲ ಜೂನ್ 1ಕ್ಕೆ ಶುರು. ಅದಕ್ಕೇ ನಾವು ಪ್ರತಿ ಫೈಲಿನ ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಮೇ 1ರೊಳಗೆ ವಿಮೆ’ ಎಂದು ಬರೆದು ಮನೆಯವರ ಕೈಗೆ ಕೊಟ್ಟೆವು.